ನಾಲ್ಕನೇ ಪ್ರತಿಗೆ ಬೀಳುವ ಪೆಟ್ಟು

ಶಿವದೇವಿಯವರು ಕೆಲಸಕ್ಕೆ ಬಂದಿದ್ದಾರೋ ಇಲ್ಲವೋ ಎಂದು ನಮ್ಮ ಸ್ಟುಡಿಯೋದಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಲಿಫ್ಟಿನ ಬಾಗಿಲು ತೆರೆದರೆ ಸಾಕು, ಟಪ ಟಪ ಟಪ ಎಂದು ಉತ್ತರ ಬರುತ್ತಿತ್ತು. ಅವರು ಕೀಬೋರ್ಡನ್ನು ಒತ್ತುತ್ತಿರಲಿಲ್ಲ, ಬಡಿಯುತ್ತಿದ್ದರು. ಮೆದು ಮಾತಿನ, ನಿಧಾನ ನಡಿಗೆಯ, ಪುಟ್ಟ ಗಾತ್ರದ ಹೆಂಗಸು. ಕೀಬೋರ್ಡಿನ ಮುಂದೆ ಕೂತರೆ ಮಾತ್ರ ಯಾವುದೋ ಹಳೆಯ ಸೇಡು ತೀರಿಸಿಕೊಳ್ಳುತ್ತಿರುವಂತೆ ಕಾಣುತ್ತಿದ್ದರು. ವರ್ಷಕ್ಕೊಂದು ಕೀಬೋರ್ಡು ಅವರ ಕೈಯಲ್ಲಿ ಪ್ರಾಣ ಬಿಡುತ್ತಿತ್ತು.

ನಾನು ವಿಠಲ, ತೆಲುಗು ಧಾರಾವಾಹಿಗಳಿಗೆ ಕನ್ನಡ ಮಾತು ಬರೆಯುವವನು. ಊರು ಮೈಸೂರು, ಅನ್ನ ಹೈದರಾಬಾದಿನದು. ತೆರೆಯ ಮೇಲೆ ಅತ್ತೆ ತೆಲುಗಿನಲ್ಲಿ ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಅದೇ ತುಟಿಗೆ ಹೊಂದುವ ಕನ್ನಡವನ್ನು ನಾನು ತುಂಬಿಸಬೇಕು. ಮನೆಯಲ್ಲಿ ಕೂತು ಬರೆದದ್ದು ತುಟಿಗೆ ಸರಿಯಾಗಿ ಕೂರುವುದು ಅಪರೂಪ. ಹಾಗಾಗಿ ಅಮೀರ್‌ಪೇಟೆಯ ಗಲ್ಲಿಯೊಂದರ ಆ ಸಣ್ಣ ಸ್ಟುಡಿಯೋದಲ್ಲಿ ನಮ್ಮದೇ ಒಂದು ಪದ್ಧತಿ ಬೆಳೆದಿತ್ತು. ದನಿ ಕೊಡುವವರು ಮೈಕಿನ ಮುಂದೆ ನಿಲ್ಲುತ್ತಾರೆ. ಅವರ ಹಿಂದೆ, ಅದೇ ಕೋಣೆಯಲ್ಲಿ, ನಾನೂ ಶಿವದೇವಿಯವರೂ ಕೂರುತ್ತೇವೆ. ದನಿಯವರು ಒಂದು ಮಾತು ಹೇಳುತ್ತಿರುವಾಗಲೇ ನಾನು ಮುಂದಿನ ಮಾತನ್ನು ತಿದ್ದಿ ಚೀಟಿಯಲ್ಲಿ ಗೀಚುತ್ತೇನೆ, ಶಿವದೇವಿಯವರು ಟೈಪ್ ಮಾಡುತ್ತಾರೆ, ಅದು ಮೈಕಿನ ಪಕ್ಕದ ತೆರೆಯ ಮೇಲೆ ಮೂಡುತ್ತದೆ. ನನ್ನ ಕೈಬರಹವನ್ನು ಓದಬಲ್ಲವರು ಈ ಭೂಮಿಯ ಮೇಲೆ ಅವರೊಬ್ಬರೇ. ನನ್ನ ಹೆಂಡತಿ ಕೈಚೆಲ್ಲಿ ಬಹಳ ಕಾಲವಾಯಿತು.

ಹಳೆಯ ಮೈಕಿಗೆ ಕಿವಿ ಸ್ವಲ್ಪ ಮಂದ ಇತ್ತು, ನಮ್ಮ ಪುಣ್ಯ. ಸ್ಟುಡಿಯೋ ಯಜಮಾನರು ಹೊಸ ಮೈಕು ತಂದ ವಾರವೇ ರಗಳೆ ಶುರುವಾಯಿತು. ಸೌಂಡ್ ಎಂಜಿನಿಯರ್ ನಿಶಾಂತ ನಮ್ಮಿಬ್ಬರನ್ನೂ ಕರೆದು, ಕಿವಿಗೆ ಹೆಡ್‌ಫೋನ್ ಹಾಕಿ ಒಂದು ದೃಶ್ಯ ಕೇಳಿಸಿದ. ನಾಯಕಿಯ ತಾಯಿ ಆಸ್ಪತ್ರೆಯ ಹಾಸಿಗೆಯ ಮೇಲೆ ಕೊನೆಯ ಮಾತು ಆಡುತ್ತಿದ್ದಾಳೆ. ಅವಳ ಹಿಂದೆ ಯಾರೋ ಕೂತು ಸಾವಕಾಶವಾಗಿ ಹುರಿಗಡಲೆ ಜಗಿಯುತ್ತಿದ್ದಾರೆ. ನನಗೆ ನಗು ತಡೆಯಲಾಗಲಿಲ್ಲ. ಅದು ತಮ್ಮ ಕೀಬೋರ್ಡಿನ ಸದ್ದು ಎಂದು ಗುರುತಿಸಿದ ಶಿವದೇವಿಯವರು ನಗಲಿಲ್ಲ.

"ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ," ಎಂದ ನಿಶಾಂತ. ಅವನು ರಾಯಚೂರಿನ ಕಡೆಯವನು, ಒಳ್ಳೆಯ ಹುಡುಗ, ಆದರೆ ಸದ್ದಿನ ವಿಷಯಕ್ಕೆ ಬಂದರೆ ಅಪ್ಪನನ್ನೂ ಬಿಡುವವನಲ್ಲ. "ಈ ಎಪಿಸೋಡ್ ಚಾನೆಲ್‌ನವ್ರು ವಾಪಸ್ ಕಳಿಸ್ಯಾರ. ದಸರಾ ಆದಮ್ಯಾಲ ಹೊಸ ಸೀರಿಯಲ್ ಶುರು ಆಗ್ತೈತಿ. ಅಲ್ಲೀತನಕ ನಾ ಹೆಂಗರ ಸದ್ದು ಅಳಸ್ತೀನಿ, ಅವಾಗಿಂದ ನೀವು ಹೊರಗ ಕುಂತು ಟೈಪ್ ಮಾಡ್ರಿ."

ಹೊರಗೆ ಎಂದರೆ ಕಾರಿಡಾರು. ನೀರಿನ ಕ್ಯಾನು, ಚಪ್ಪಲಿ ಸ್ಟ್ಯಾಂಡು, ಮತ್ತು ಇನ್ನು ಮುಂದೆ ಶಿವದೇವಿಯವರು. ಚೀಟಿಗಳನ್ನು ನಾನು ಬಾಗಿಲ ಸಂದಿಯಿಂದ ತೂರಿಸಬೇಕಂತೆ. ನನಗೆ ಸಿಟ್ಟು ಬಂತು, ಕೂಗಾಡಿದೆ. ಶಿವದೇವಿಯವರು ಮಾತ್ರ "ಖರೇ ಐತಿ ನೋಡ್ರಿ ಅಂವ ಹೇಳೋದು" ಎಂದು ಎದ್ದು ಹೋದರು.

ಆ ದಿನ ಡಬ್ಬಿ ಬಿಚ್ಚಿದಾಗ ಅವರು ರೊಟ್ಟಿಯನ್ನು ಮುರಿದು ಮುರಿದು ಹಾಗೇ ಇಟ್ಟರು. ನಾನು ಸಮಾಧಾನ ಹೇಳಲು ಹೋದೆ. "ಬಿಡಿ ಅಕ್ಕ, ಹೊರಗೆ ಫ್ಯಾನಾದರೂ ಇದೆ, ಒಳಗೆ ಎಸಿ ಕೆಟ್ಟರೆ ಬೆವರು ಸುರಿಯುತ್ತೆ."

"ಫ್ಯಾನ್ ತಗೊಂಡು ಏನ್ ಮಾಡ್ಲಿರಿ, ವಿಠಲ ಸರ್?" ಎಂದರು. "ಬೆಳಿಗ್ಗೆ ಎದ್ದು ಹಾಲಿನವನ ಕೂಡ ತೆಲುಗು. ಮೆಟ್ರೋದಾಗ ಹಿಂದಿ. ಅಂಗಡ್ಯಾಗ ಅವೆರಡೂ. ಮನ್ಯಾಗ ಇವರು ಮಾತಾಡೋದ ಕಡಿಮಿ. ಈ ಖೋಲಿ ಒಳಗ ಕುಂತ್ರ ದಿನಾ ಕನ್ನಡ ಕಿವಿಗೆ ಬೀಳ್ತೈತಿ. ನಾ ಬಡದ ಮಾತು ಇನ್ನೂ ಪರದೆ ಮ್ಯಾಲ ಬಿಸಿ ಇರ್ತೈತಿ, ಅಷ್ಟರಾಗ ಯಾರರ ಬಾಯಾಗ ಬಂದು ಬಿಡ್ತೈತಿ. ಅದನ್ನ ಕೇಳಾಕ ಬರ್ತೀನ್ರಿ ನಾ. ಟೈಪ್ ಮಾಡಾಕಲ್ಲ."

ನಾನು ನನ್ನ ಡಬ್ಬಿಯ ಉಪ್ಪಿನಕಾಯಿಯನ್ನು ಅವರ ಕಡೆ ಸರಿಸಿದೆ.

ಶಿವದೇವಿಯವರು ಲಿಂಗಸುಗೂರಿನವರು. ಅಲ್ಲಿ ಸೈಕಲ್ ಅಂಗಡಿಯ ಮಾಳಿಗೆಯ ಮೇಲಿದ್ದ ಟೈಪಿಂಗ್ ಶಾಲೆಯಲ್ಲಿ ಕನ್ನಡ ಮಷಿನ್ ಕಲಿತು, ತಹಶೀಲ್ ಕಚೇರಿಯ ಎದುರಿನ ವಕೀಲರ ಹತ್ತಿರ ಕೆಲಸಕ್ಕೆ ಸೇರಿದವರು. ಮದುವೆಯಾಗಿ ಹೈದರಾಬಾದಿಗೆ ಬಂದರು. ಗಂಡ ಗುರುಬಸವ ಅವರದು ದಿಲ್‌ಸುಖ್‌ನಗರದಲ್ಲಿ ಮ್ಯಾಚಿಂಗ್ ಸೆಂಟರ್. ಯಾವ ಸೀರೆ ತಂದರೂ ಅದಕ್ಕೆ ಹೊಂದುವ ರವಿಕೆಯ ಬಟ್ಟೆಯನ್ನು ಒಂದೂ ಮಾತಾಡದೆ ಎಳೆದು ಮುಂದಿಡುವ ಮನುಷ್ಯ. ಇಲ್ಲಿ ಯಾರಿಗೆ ಬೇಕಿತ್ತು ಕನ್ನಡ ಟೈಪಿಂಗು? ಬಹಳ ವರ್ಷ ಇಂಗ್ಲಿಷ್ ಬಿಲ್ಲುಗಳನ್ನು ಬಡಿದರು. ಡಬ್ಬಿಂಗ್ ಕೆಲಸ ಸಿಕ್ಕಾಗ, ಕಳೆದುಹೋದ ಒಡವೆ ಅಟ್ಟದ ಮೇಲೆ ಸಿಕ್ಕ ಹಾಗಾಯಿತು ಎಂದು ಅವರೇ ಒಮ್ಮೆ ಹೇಳಿದ್ದರು.

ಕಾರಿಡಾರಿಗೆ ಹೋಗುವ ಮುನ್ನ ನಾವು ಕೈಕಟ್ಟಿ ಕೂರಲಿಲ್ಲ. ಕೀಬೋರ್ಡಿನ ಕೆಳಗೆ ಟವೆಲ್ ಮಡಿಸಿ ಹಾಕಿದೆವು. ಸದ್ದು ತುಸು ಕುಗ್ಗಿತು, ಕೀಬೋರ್ಡು ದೋಣಿಯ ಹಾಗೆ ಓಲಾಡಿತು. ನನ್ನ ಲ್ಯಾಪ್‌ಟಾಪ್ ಕೊಟ್ಟೆ. ಅದರ ಕೀಲಿಗಳು ಹಪ್ಪಳದಷ್ಟು ತೆಳು, ಸದ್ದೇ ಇಲ್ಲ. ಆದರೆ ಶಿವದೇವಿಯವರ ಬೆರಳಿಗೆ ಕೀಲಿ ಬಿತ್ತೋ ಇಲ್ಲವೋ ತಿಳಿಯದೆ ಅಕ್ಷರಗಳು ಎರಡೆರಡು ಬಿದ್ದವು, ಕೆಲವು ಬೀಳಲೇ ಇಲ್ಲ. ನಾಯಕನ ದನಿಯವನು ತೆರೆಯ ಮೇಲಿದ್ದದ್ದನ್ನು ಇದ್ದ ಹಾಗೇ ಓದಿ ತೊದಲಿದ. "ಇದು ಕೈಗೆ ಏನೂ ಹೇಳೂದಿಲ್ಲರಿ. ಮೂಕ ಐತಿ" ಎಂದು ಲ್ಯಾಪ್‌ಟಾಪನ್ನು ಹಿಂತಿರುಗಿಸಿದರು.

ಆ ಮಾತು ಪೂರ್ವಿಯ ಕಿವಿಗೆ ಬಿತ್ತು. ಪೂರ್ವಿ ಉಡುಪಿಯ ಹುಡುಗಿ. ವಾರವೆಲ್ಲ ಐಟಿ ಕಂಪನಿ, ಶನಿವಾರ ನಮ್ಮಲ್ಲಿ ನಾಯಕಿಯ ದನಿ. ಅವಳಿಗೆ ಒಂದು ಹುಚ್ಚು ಇರುವುದು ಅಂದು ನಮಗೆ ಗೊತ್ತಾಯಿತು. ಕೆಲವರು ಸೀರೆ ಕೂಡಿಡುತ್ತಾರೆ, ಇವಳು ಕೀಬೋರ್ಡು.

"ಅಯ್ಯೋ ಆಂಟಿ, ನಿಮಗೆ ಬೇಕಾದದ್ದು ಟ್ಯಾಕ್ಟೈಲ್ ಸ್ವಿಚ್ ಮಾರಾಯ್ರೆ!" ಎಂದಳು. "ನಾಳೆ ಮನೆಗೆ ಬನ್ನಿ. ವಿಠಲ ಸರ್, ನೀವೂ ಬನ್ನಿ. ಕೈಯಲ್ಲಿ ಮುಟ್ಟಿ ನೋಡದೆ ಇದನ್ನು ಆರಿಸಲಿಕ್ಕೆ ಆಗುವುದಿಲ್ಲ."

ಭಾನುವಾರ ಮೆಟ್ರೋದಲ್ಲಿ ಮಿಯಾಪುರದ ಕೊನೆಯ ಸ್ಟೇಷನ್ನಿಗೆ ಹೋಗಿ, ಒಂದೇ ಥರದ ಎತ್ತರದ ಕಟ್ಟಡಗಳ ನಡುವೆ ಎರಡು ಸಲ ತಪ್ಪು ಗೇಟಿಗೆ ನುಗ್ಗಿ, ಅವಳ ಫ್ಲ್ಯಾಟು ಸೇರಿದೆವು. ಅವಳು ಚಹಾ ಕೊಟ್ಟು, ಅಂಗೈಯಗಲದ ಒಂದು ಹಲಗೆ ತಂದಿಟ್ಟಳು. ಅದರ ಮೇಲೆ ಸಾಲಾಗಿ ಬೇರೆ ಬೇರೆ ಬಣ್ಣದ ಬಿಡಿ ಕೀಲಿಗಳು. ಪ್ರತಿ ಕೀಲಿಯ ಕೆಳಗೂ ಒಂದೊಂದು ಸ್ವಿಚ್ಚು, ಅದರೊಳಗೊಂದು ಸ್ಪ್ರಿಂಗು. ಇವು ಮೂರು ಜಾತಿ ಎಂದಳು ಪೂರ್ವಿ. ಒಂದು ಅಡ್ಡಿಯೇ ಇಲ್ಲದೆ ನುಣ್ಣಗೆ ತಳಕ್ಕೆ ಇಳಿಯುತ್ತದೆ. ಇನ್ನೊಂದು ಟಿಕ್ ಎಂದು ಸದ್ದು ಮಾಡುತ್ತದೆ, ಅದನ್ನು ಸ್ಟುಡಿಯೋದೊಳಗೆ ತಂದರೆ ನಿಶಾಂತ ನಮ್ಮನ್ನು ಲಿಫ್ಟಿನವರೆಗೂ ಅಟ್ಟುತ್ತಾನೆ. ಮೂರನೆಯದು ಟ್ಯಾಕ್ಟೈಲ್. ಒತ್ತುವಾಗ ಅರ್ಧದಾರಿಯಲ್ಲಿ ಬೆರಳಿಗೆ ಒಂದು ಸಣ್ಣ ಉಬ್ಬು ಸಿಗುತ್ತದೆ. ಅದನ್ನು ದಾಟಿದರೆ ಅಕ್ಷರ ಬಿದ್ದಂತೆಯೇ. ಕಿವಿಗೆ ಹೇಳುವ ಬದಲು ಬೆರಳಿಗೆ ಹೇಳುತ್ತದೆ.

"ಬೆರಳಿಗೆ ಹೇಳ್ತೈತಿ" ಎಂದು ಶಿವದೇವಿಯವರು ಮೆಲ್ಲಗೆ ತಮಗೆ ತಾವೇ ಹೇಳಿಕೊಂಡರು. ಆಮೇಲೆ ತೋರುಬೆರಳು ಚಾಚಿ, ಸಂತೆಯಲ್ಲಿ ಬದನೆಕಾಯಿ ಅಮುಕಿ ನೋಡುವ ಹಾಗೆ ಒಂದೊಂದೇ ಕೀಲಿಯನ್ನು ಒತ್ತತೊಡಗಿದರು. ಒಂದರ ಉಬ್ಬು ಇದ್ದೂ ಇಲ್ಲದ ಹಾಗಿತ್ತು. ಒಂದರಲ್ಲಿ ಉಬ್ಬು ಮೊದಲೇ ಬಂದುಬಿಡುತ್ತಿತ್ತು. ಒಳಗೆ ಮೆತ್ತನೆಯ ರಬ್ಬರು ಇರುವ, ಸದ್ದು ನುಂಗುವ ಜಾತಿಯದೂ ಒಂದಿತ್ತು. ಪೂರ್ವಿಗೆ ಅದೇ ಸರಿ ಅನ್ನಿಸಿತ್ತು. ಶಿವದೇವಿಯವರು ಮುಖ ಹಿಂಡಿದರು. "ಹಸಿ ಹಿಟ್ಟು ಒತ್ತಿದಂಗ ಐತಿ, ತಂಗಿ."

ಕೊನೆಗೆ ಒಂದರ ಮೇಲೆ ಅವರ ಬೆರಳು ನಿಂತಿತು. ಸ್ಪ್ರಿಂಗು ಬಿಗಿ, ಉಬ್ಬು ದೊಡ್ಡದು. ಒತ್ತಿದರು, ಮತ್ತೆ ಒತ್ತಿದರು, ಮುಖ ಅರಳಿತು. "ಇದ ನೋಡು! ನನ್ನ ಲಿಂಗಸುಗೂರು ಮಷಿನ್ ಇದ್ದಂಗ ಐತಿ!"

"ಆಂಟಿ, ಅದು ಭಾರ ಉಂಟು. ಇಡೀ ದಿನ ಒತ್ತಲಿಕ್ಕೆ ಕಷ್ಟ ಆಗಬಹುದು."

"ನನ್ನ ಕೈ ನಿನಗೇನ್ ಗೊತ್ತು? ಬ್ಯಾರೆ ಯಾವುದೂ ಬ್ಯಾಡ. ಇದ ಇರಲಿ."

ನಾನೂ ಹೌದು ಹೌದು ಎಂದು ತಲೆಯಾಡಿಸಿದೆ. ಅವರ ಮುಖದಲ್ಲಿ ಅಷ್ಟು ಖುಷಿ ನೋಡಿ ಅಡ್ಡ ಮಾತಾಡಲು ಮನಸ್ಸಾಗಲಿಲ್ಲ. ಪೂರ್ವಿ ತನ್ನಲ್ಲಿದ್ದ ಒಂದು ಕೀಬೋರ್ಡಿನ ಕೀಲಿಗಳ ಮೇಲಿನ ಅಕ್ಷರದ ಟೋಪಿಗಳನ್ನು ಕಳಚಿ, ಚಿಮಟದಿಂದ ಹಳೆಯ ಸ್ವಿಚ್ಚುಗಳನ್ನು ಕಿತ್ತು, ಅವರು ಆರಿಸಿದವನ್ನೇ ಕೂರಿಸಿಕೊಟ್ಟಳು. ಶಿವದೇವಿಯವರು ಅದನ್ನು ಎಳೆಗೂಸಿನಂತೆ ಟವೆಲಿನಲ್ಲಿ ಸುತ್ತಿ ದಿಲ್‌ಸುಖ್‌ನಗರದವರೆಗೂ ತೊಡೆಯ ಮೇಲಿಟ್ಟುಕೊಂಡು ಹೋದರು.

ಸೋಮವಾರ ಬೆಳಿಗ್ಗೆ ಸ್ಟುಡಿಯೋದಲ್ಲಿ ಹಬ್ಬ. ಒಂದೂ ಅಕ್ಷರ ತಪ್ಪಲಿಲ್ಲ. ಆದರೆ ಗಾಜಿನಾಚೆ ನಿಶಾಂತ ಹೆಡ್‌ಫೋನ್ ತೆಗೆದು ತಲೆ ಅಡ್ಡಡ್ಡ ಆಡಿಸಿದ. ಮೊದಲು ಟಪ ಟಪ ಅನ್ನುತ್ತಿದ್ದದ್ದು ಈಗ ಟೊಕ ಟೊಕ ಅನ್ನುತ್ತಿತ್ತಂತೆ. ಹುರಿಗಡಲೆ ಹೋಗಿ ಅಡಿಕೆ ಬಂದಿತ್ತು, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಆಪತ್ತು. ಡಬ್ಬಿ ಬಿಚ್ಚಲು ಹೋದ ಶಿವದೇವಿಯವರು "ಸ್ಸ್" ಎಂದು ಕೈ ಎಳೆದುಕೊಂಡರು. ಎರಡೂ ಕೈಯ ಕಿರುಬೆರಳುಗಳು ಕೆಂಪಾಗಿ ಊದಿದ್ದವು.

ಶನಿವಾರ ಬಂದ ಪೂರ್ವಿ ಆ ಬೆರಳುಗಳನ್ನು ತಿರುಗಿಸಿ ನೋಡಿ ಬೆರಗಾದಳು. "ಕಿರುಬೆರಳು ಯಾಕೆ? ಅದಕ್ಕೆ ಕೆಲಸ ಕಮ್ಮಿ ಅಲ್ವಾ? ನಾನು ನೋಡುವ ಕೀಬೋರ್ಡ್ ವೀಡಿಯೋಗಳಲ್ಲಿ ಯಾರೂ ಹಾಗೆ ಹೇಳಿದ್ದೇ ಇಲ್ಲ."

"ಅವರೆಲ್ಲ ಇಂಗ್ಲಿಷ್ ಬಡಿಯೋರು, ಯವ್ವಾ. ಅವರಿಗೆ ಶಿಫ್ಟ್ ಕೀಲಿ ವಾಕ್ಯದ ತಲಿಗೊಮ್ಮೆ ಸಾಕು. ನಮಗ ದೀರ್ಘ ಬಂದ್ರೂ ಶಿಫ್ಟ್, ಮಹಾಪ್ರಾಣ ಬಂದ್ರೂ ಶಿಫ್ಟ್, ಣಕಾರ ಬಂದ್ರೂ ಶಿಫ್ಟ್. ಅದನ್ನ ಹಿಡಿಯೋದು ಕಿರುಬೆರಳು. ಈ ಸರ್ ನಾಯಕಿಗೆ ಏನ್ ಹೆಸರು ಇಟ್ಟಾರ? ಧಾರಿಣಿ. ಒಂದು ಹೆಸರಿಗೆ ಮೂರು ಸಲ ಶಿಫ್ಟ್! ಊಟ ಮಾಡು ಧಾರಿಣಿ, ಮಾತಾಡು ಧಾರಿಣಿ. ಕಮಲ ಅಂತ ಇಟ್ಟಿದ್ರ ಏನ್ ಗಂಟು ಹೋಗ್ತಿತ್ತು?"

ಎಲ್ಲರೂ ನನ್ನತ್ತ ತಿರುಗಿದರು. ಹೆಸರು ಇಟ್ಟವನು ನಾನೇ, ಚೆನ್ನಾಗಿ ಕೇಳಿಸುತ್ತದೆ ಎಂದು. ಯಾವ ಬೆರಳಿಗೆ ಏನಾಗುತ್ತದೆ ಎಂದು ಯೋಚಿಸಿ ಯಾರು ತಾನೇ ನಾಯಕಿಗೆ ಹೆಸರಿಡುತ್ತಾರೆ?

ಎಡವಟ್ಟು ಆಗಿದ್ದು ಎಲ್ಲಿ ಎಂದು ಆಗ ಮೂವರಿಗೂ ತಿಳಿಯಿತು. ಅಂದು ಮಿಯಾಪುರದಲ್ಲಿ ಎಲ್ಲವನ್ನೂ ಒತ್ತಿ ನೋಡಿದ್ದು ತೋರುಬೆರಳಿನಿಂದ. ಕೈಯ ಪೈಲ್ವಾನನನ್ನು ಕೇಳಿ ಕೈಯ ಕೂಸಿಗೆ ಮೂಟೆ ಹೊರಿಸಿದ್ದೆವು.

"ಅದು ಸರಿ ಮಾಡಬಹುದು," ಎಂದಳು ಪೂರ್ವಿ. "ಸದ್ದಿನದ್ದೇ ಯೋಚನೆ. ಉಬ್ಬು ದಾಟಿದ ಕೂಡಲೇ ಅಕ್ಷರ ಬೀಳ್ತದೆ ಆಂಟಿ. ನೀವು ಅಲ್ಲಿಗೆ ನಿಲ್ಲುವುದಿಲ್ಲ, ತಳಕ್ಕೆ ಬಡಿಯುತ್ತೀರಿ. ಯಾಕೆ ಅಷ್ಟು ಗಟ್ಟಿ?"

ಶಿವದೇವಿಯವರು ತಮ್ಮ ಕೈಗಳನ್ನು ತಾವೇ ಮೊದಲ ಸಲ ನೋಡುವವರಂತೆ ನೋಡಿದರು. "ಕಾರ್ಬನ್," ಎಂದರು ಕೊನೆಗೆ. "ವಕೀಲರ ಕಡೆ ಒಂದು ಕಾಗದ ಹಾಕಿದ್ರ ಅದರ ಕೆಳಗ ಕಾರ್ಬನ್ ಇಟ್ಟು ಮತ್ತ ಮೂರು. ಒಂದು ಕೋರ್ಟಿಗೆ, ಒಂದು ಎದುರಿನವ್ರಿಗೆ, ಒಂದು ಫೈಲಿಗೆ. ಕಡೇದು ನಾಲ್ಕನೇದು ಕಕ್ಷಿದಾರಂದು. ಹಳ್ಳಿ ಮಂದಿ, ಓದಾಕ ಬರೂದಿಲ್ಲ. ಆದ್ರೂ ಕೈಯಾಗ ಹಿಡಕೊಂಡು ಬಿಸಲಿಗೆ ಎತ್ತಿ ನೋಡೋರು, ಅಕ್ಷರ ಮೂಡೈತೋ ಇಲ್ಲೋ ಅಂತ. ಮಸುಕಾಗಿತ್ತಂದ್ರ ಮಾರಿ ಸಣ್ಣದ ಮಾಡೋರು. ಅದಕ್ಕ ನಾ ನಾಲ್ಕನೇ ಪ್ರತಿಗೆ ಅಂತ ಬಡೀತಿದ್ದೆ. ಈಗ್ಲೂ ಅದಕ್ಕ ಬಡ್ಯಾಕತ್ತೀನೇನೋ."

ಅಷ್ಟು ವರ್ಷ ಆ ಸದ್ದಿಗೆ ಏನೆಲ್ಲ ಗೇಲಿ ಮಾಡಿದ್ದೆ! ನನಗೆ ಅವರ ಮೇಲೆ ವಿಪರೀತ ಪ್ರೀತಿ ಉಕ್ಕಿತು. ಅದನ್ನು ತೋರಿಸಲು ಬರದೆ ಎದ್ದು ಎಲ್ಲರಿಗೂ ಚಹಾ ಹೇಳಿದೆ.

ಮತ್ತೊಮ್ಮೆ ಮಿಯಾಪುರ. ಈ ಸಲ ಶಿವದೇವಿಯವರು ಹಲಗೆಯನ್ನು ಪಕ್ಕಕ್ಕೆ ಸರಿಸಿ, ಎಲ್ಲ ಬೆರಳುಗಳಿಂದಲೂ ನೋಡಬೇಕು ಎಂದು ಪಟ್ಟು ಹಿಡಿದರು. ಪೂರ್ವಿ ಒಂದೊಂದು ಬಗೆಯ ಸ್ವಿಚ್ಚನ್ನು ಕೀಬೋರ್ಡಿಗೇ ಕೂರಿಸಿ ಕೊಡುವುದು, ಇವರು ನನ್ನ ಧಾರಿಣಿಯ ಮಾತುಗಳನ್ನು ಒಂದು ಪುಟ ಟೈಪ್ ಮಾಡುವುದು, ಬೇಡ ಎಂದು ತಲೆಯಾಡಿಸುವುದು, ಇವಳು ಮತ್ತೆ ಕೀಳುವುದು. ನಾನು ಕಿತ್ತ ಸ್ವಿಚ್ಚುಗಳನ್ನು ಬಣ್ಣ ನೋಡಿ ಬೇರೆ ಬೇರೆ ಬಟ್ಟಲಿಗೆ ಹಾಕುತ್ತ ಕೂತೆ, ಅವರೆಕಾಳು ಬಿಡಿಸುವವನ ಹಾಗೆ. ಸಂಜೆಯ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂದೆವು. ಅಂದು ಹಸಿ ಹಿಟ್ಟು ಎಂದು ಬೈಸಿಕೊಂಡಿದ್ದ ಸದ್ದು ನುಂಗುವ ಜಾತಿಯಲ್ಲೇ ಉಬ್ಬು ತುಸು ಚುರುಕಾಗಿರುವ ಒಂದು ಬಗೆ ಸಿಕ್ಕಿತು; ಅದು ಎಲ್ಲ ಬೆರಳುಗಳಿಗೆ. ಎರಡು ಶಿಫ್ಟಿಗೂ ಕಿರುಬೆರಳಿನ ಪಾಲಿನ ಮಿಕ್ಕ ಕೀಲಿಗಳಿಗೂ ಅದೇ ಜಾತಿಯ ಅತಿ ಹಗುರದ ಸ್ಪ್ರಿಂಗಿನದು.

"ಮಷಿನ್ ಇದ್ದಂಗ ಇಲ್ಲ," ಎಂದರು ಶಿವದೇವಿಯವರು. ಕಿರುಬೆರಳಿನಿಂದ ಶಿಫ್ಟನ್ನು ಇನ್ನೊಮ್ಮೆ ಒತ್ತಿ, "ಇರ್ಲಿ. ನಾನೂ ಅವಾಗಿನಂಗ ಇಲ್ಲಲ್ಲ" ಎಂದು ನಕ್ಕರು.

ಸ್ವಿಚ್ಚು ಸಿಕ್ಕಿತು, ಕೈ ಪಳಗಬೇಕಿತ್ತು. ಅದರ ಕಥೆ ನಮಗೆ ತಿಳಿದದ್ದು ಗುರುಬಸವ ಅವರಿಂದ. ಅಂಗಡಿಯ ಊಟದ ಹೊತ್ತಿನಲ್ಲಿ ಮನೆಗೆ ಬಂದ ಅವರನ್ನು ಶಿವದೇವಿಯವರು ಮುಂದಿನ ಕೋಣೆಯಲ್ಲಿ ಕೂರಿಸಿ, ಟಿವಿ ಆರಿಸಿ, ತಾವು ಅಡುಗೆಮನೆಯಲ್ಲಿ ಟೈಪ್ ಮಾಡುತ್ತಿದ್ದರಂತೆ. ಸದ್ದು ಕೇಳಿದರೆ ಅವರು ಕೂಗಿ ಹೇಳಬೇಕು. "ಮದಿವಿ ಆದಾಗಿಂದ ಇಷ್ಟು ಮಾತಾಡಿದ್ದಿಲ್ಲರಿ ನಾ," ಎಂದರು ಒಮ್ಮೆ ನನಗೆ ಅಂಗಡಿಯಲ್ಲಿ, ಹಸಿರು ಬಟ್ಟೆ ಅಳೆಯುತ್ತ. "ಮೊದಲಿನ ದಿನ ಕೇಳ್ತು, ಕೇಳ್ತು, ಕೇಳ್ತು ಅಂತ ಒದರಿ ಒದರಿ ಗಂಟಲಾ ಬಿತ್ತು. ಈಗ ಸುಮ್ನ ಕುಂದರ್ತೀನಿ. ಒಮ್ಮೊಮ್ಮೆ ಖರೇನ ಟೈಪ್ ಮಾಡಾಕತ್ತಾಳೋ, ಇಲ್ಲ ಎದ್ದು ಹೋಗ್ಯಾಳೋ ಅಂತ ಒಳಗ ಹಣಿಕಿ ನೋಡಿ ಬರ್ತೀನಿ."

ದಸರಾ ಮುಗಿಯಿತು. ಹೊಸ ಧಾರಾವಾಹಿಯ ಮೊದಲ ದಿನ ನಾವು ಹೋಗುವಷ್ಟರಲ್ಲಿ ಕಾರಿಡಾರಿನಲ್ಲಿ ಮೇಜು ಸಿದ್ಧವಾಗಿತ್ತು. ಯಜಮಾನರು ನೀರಿನ ಕ್ಯಾನನ್ನು ತುಸು ಆಚೆ ತಳ್ಳಿಸಿದ್ದರು. ಶಿವದೇವಿಯವರು ಅದನ್ನು ನೋಡಿದರು. ಟವೆಲಿನ ಗಂಟನ್ನು ಎದೆಗೆ ಒತ್ತಿಕೊಂಡು ನಿಶಾಂತನ ಮುಂದೆ ನಿಂತರು.

"ಒಂದು ದೃಶ್ಯ ಒಳಗ ಕುಂತು ಮಾಡ್ತೀನಪ್ಪ. ಸದ್ದು ಬಂದ್ರ ನಾನ ಎದ್ದು ಹೊರಗ ಬರ್ತೀನಿ. ನೀ ಹೇಳೂದೂ ಬ್ಯಾಡ."

"ಒಂದ ದೃಶ್ಯ, ಅಕ್ಕಾರ" ಎಂದ ನಿಶಾಂತ.

ಪೂರ್ವಿ ಅಂದು ರಜೆ ಹಾಕಿ ಬಂದಿದ್ದಳು. ದೃಶ್ಯ ಎಂಥದು ಸಿಗಬೇಕು! ಹಿನ್ನೆಲೆಯಲ್ಲಿ ಸಂಗೀತವಿಲ್ಲ, ಜಗಳವಿಲ್ಲ. ನಾಯಕಿ ಮಲಗಿರುವ ಅಜ್ಜಿಯ ಕಿವಿಯಲ್ಲಿ ಪಿಸುಗುಡುತ್ತಾಳೆ, ಅದೂ ಉದ್ದಕ್ಕೆ. ಕೆಂಪು ದೀಪ ಹತ್ತಿತು. ಪೂರ್ವಿ ತೆರೆಯ ಮೇಲಿನ ಮೊದಲ ಮಾತು ಹೇಳಿದಳು. ನಾನು ಎರಡನೆಯದನ್ನು ಗೀಚಿ ಸರಿಸಿದೆ. ಅವಸರಕ್ಕೆ ಅಕ್ಷರ ಎಂದಿಗಿಂತಲೂ ಕೆಟ್ಟದಾಗಿತ್ತು. ಶಿವದೇವಿಯವರ ಬೆರಳುಗಳು ಕೀಲಿಗಳ ಮೇಲೆ ಆಡುತ್ತಿದ್ದವು. ಪಕ್ಕದಲ್ಲೇ ಕೂತ ನನಗೂ ಅವರ ಬಳೆಯ ಸದ್ದು ಸಹ ಕೇಳಿಸಲಿಲ್ಲ. ನೋಡಿದರೆ, ಬಳೆಗಳನ್ನು ಮೊಣಕೈವರೆಗೆ ಏರಿಸಿ ರಬ್ಬರ್ ಬ್ಯಾಂಡ್ ಹಾಕಿದ್ದರು.

ಎರಡನೇ ಮಾತು, ಮೂರನೇ ಮಾತು, ಹಾಗೇ ಪುಟ ಸಾಗಿತು. ನಾನು ಗಾಜಿನಾಚೆ ನೋಡಿದೆ. ನಿಶಾಂತ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದ. ಆಮೇಲೆ ಕಣ್ಣು ತೆರೆದು, ಹುಬ್ಬು ಗಂಟಿಕ್ಕಿ, ಗುಂಡಿ ಒತ್ತಿ ರೆಕಾರ್ಡಿಂಗ್ ನಿಲ್ಲಿಸಿದ. ಶಿವದೇವಿಯವರು ಆಗಲೇ ಸೀರೆಯ ಸೆರಗು ಸರಿಮಾಡಿಕೊಂಡು ಏಳಲು ಹೊರಟಿದ್ದರು.

ಮೇಲಿನ ಸ್ಪೀಕರಿನಿಂದ ಅವನ ದನಿ ಬಂತು. "ಅಕ್ಕಾರ, ನೀವು ಸುಮ್ನ ಕುಂತ್ರ ನಾ ಹೆಂಗ ತಪಾಸ ಮಾಡ್ಲಿರಿ? ಪೂರ್ವಿ ತಾನ ಬಾಯಿಪಾಠ ಮಾಡ್ಕೊಂಡು ಬಂದು ಹೇಳಾಕತ್ತಾಳ. ಟೈಪ್ ಮಾಡಾಕ ಶುರು ಮಾಡ್ರಿ ಇನ್ನ."

ಪೂರ್ವಿ ಮೈಕಿಗೆ ಬೆನ್ನು ತಿರುಗಿಸಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಶಿವದೇವಿಯವರ ಕಣ್ಣು ತುಂಬಿತ್ತು.

"ಅರ್ಧ ಪುಟ ಮುಗೀತಪ್ಪ," ಎಂದರು ಸ್ಪೀಕರಿನ ಕಡೆ ಮುಖ ಎತ್ತಿ. "ಮುಂದಿಂದು ನಡಸು."

ಅವರು ಮತ್ತೆ ಕೂತರು. ಕೆಂಪು ದೀಪ ಹತ್ತಿತು. ಮುಂದಿನ ಮಾತು ತೆರೆಯ ಮೇಲೆ ಮೂಡಿತು, ಪೂರ್ವಿ ಅದನ್ನು ಪಿಸುಗುಟ್ಟಿದಳು, ಶಿವದೇವಿಯವರು ತಲೆ ಒಂದಿಷ್ಟು ವಾಲಿಸಿ ಅದನ್ನು ಕೇಳಿದರು. ಅಂದಹಾಗೆ, ಈ ಹೊಸ ಧಾರಾವಾಹಿಯ ನಾಯಕಿಗೆ ನಾನು ಕಮಲ ಎಂದು ಹೆಸರಿಟ್ಟಿದ್ದೇನೆ.